ಏಳನೇ ಪ್ರತಿಯ ನಕ್ಷತ್ರ

ಕಳ್ಳನನ್ನು ಹಿಡಿಯುವ ಉಪಾಯ ನನ್ನದೇ. ನಾನು ಟಿವಿ ಧಾರಾವಾಹಿಯ ಸಂಕಲನಕಾರ್ತಿ. ಐವರು ಮಕ್ಕಳು ಗುಜರಿಗೆ ಬಿದ್ದ ಗಗನನೌಕೆಯನ್ನು ರಿಪೇರಿ ಮಾಡಿಕೊಂಡು, ಕಳೆದುಹೋದ ಗ್ರಹವನ್ನು ಹುಡುಕಿ ಹೊರಡುವ ಕಥೆ. ಪ್ರಸಾರಕ್ಕೆ ಮುಂಚೆ ಆಚೆ ಹೋಗುವ ಒಂದೊಂದು ಪ್ರತಿಯಲ್ಲೂ ನೌಕೆಯ ಕಿಟಕಿಯಾಚೆ ಒಂದು ಹೆಚ್ಚುವರಿ ನಕ್ಷತ್ರ ಇಡುತ್ತಿದ್ದೆ, ಒಬ್ಬೊಬ್ಬರಿಗೆ ಒಂದೊಂದು ಜಾಗದಲ್ಲಿ. ಪ್ರತಿ ಸೋರಿದರೆ ಆ ಚುಕ್ಕಿಯೇ ಸಾಕ್ಷಿ.

ಪ್ರಸಾರಕ್ಕೆ ಹನ್ನೊಂದು ದಿನ ಇರುವಾಗ ಹತ್ತೂ ಕಂತು ಜನರ ಮೊಬೈಲಿನಲ್ಲಿದ್ದವು.

"ಯಾವನೋ ಅವನು? ಅವನ ಮನೆ ಹಾಳಾಗ!" ಎಂದು ಕೂಗಾಡಿದೆ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಆರು ವರ್ಷ ಕೂತು ಬರೆದ ಕಥೆ ನಿರ್ದೇಶಕರದು. ಕೊನೆಯ ಕಂತಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಿ ನೌಕೆಯ ಹೊರಗೆ ಒಬ್ಬಳೇ ಉಳಿದುಬಿಡುತ್ತಾಳೆ. ಎರಡನೇ ಭಾಗದಲ್ಲಿ ಅವಳನ್ನು ಕರೆತರಬೇಕು. ಮೊದಲ ವಾರ ಜನ ಟಿವಿಯಲ್ಲಿ ನೋಡಿದರೆ ಮಾತ್ರ ಎರಡನೇ ಭಾಗ ಎಂದು ವಾಹಿನಿಯವರು ಮೊದಲೇ ಹೇಳಿದ್ದರು.

ಕದ್ದ ಕಂತನ್ನು ತೆರೆದು, ಕಿಟಕಿಯ ದೃಶ್ಯದಲ್ಲಿ ನಿಲ್ಲಿಸಿದೆ. ಕೆಳಗೆ, ಎಡಮೂಲೆಯಲ್ಲಿ ಚುಕ್ಕಿ. ಏಳನೇ ಪ್ರತಿ. ನನ್ನದು.

ಅಗ್ಗದ ಟಿವಿಯಲ್ಲಿ ಬಣ್ಣ ಹೇಗೆ ಕಾಣುತ್ತದೆಂದು ನಾನು ಪ್ರತಿಸಲ ಪರೀಕ್ಷಿಸುವುದು ಅಣ್ಣನ ಕ್ಷೌರದಂಗಡಿಯಲ್ಲಿ. ಅವನಿಗೆ ಫೋನ್ ಮಾಡಿದೆ.

"ಅಣ್ಣಾ, ನನ್ ಪೆನ್‌ಡ್ರೈವ್ ಎಲ್ಲಿ?"

"ನೀನೇ ಟಿವಿಗೆ ಚುಚ್ಚಿ ಮರೆತು ಹೋಗಿದ್ಯಲ್ಲೇ. ದಿನಾ ಹಾಕ್ತೀನಿ. ಒಬ್ರು ಮಕ್ಕಳಿಗೆ ಬೇಕು ಅಂದ್ರು, ಕಾಪಿ ಮಾಡ್ಕೊಳ್ಳಿ ಅಂದೆ. ನನ್ ತಂಗಿ ಕೆಲ್ಸ, ಎಲ್ರೂ ನೋಡ್ಲಿ ಬಿಡು!"

ನಾನು ಶಾಪ ಹಾಕಿದ್ದು ಯಾರ ಮನೆಗೆ ಎಂದು ಆಗ ಗೊತ್ತಾಯಿತು. ನಿರ್ದೇಶಕರ ಮುಂದೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನೀನಾ?" ಎಂದರು, ಅಷ್ಟೇ.

ಪ್ರಸಾರವಾಯಿತು. ಟಿವಿ ಹಾಕಿದವರು ಬೆರಳೆಣಿಕೆಯಷ್ಟು ಜನ. ನೋಡಬೇಕಾದವರೆಲ್ಲ ಮೊದಲೇ ಮೊಬೈಲಿನಲ್ಲಿ ನೋಡಿ, ಹೊಗಳಿ, ಕಣ್ಣೀರೂ ಹಾಕಿ ಮುಗಿಸಿದ್ದರು. ವಾಹಿನಿಯಿಂದ ಎರಡು ಸಾಲಿನ ಪತ್ರ ಬಂತು. ಮರುದಿನ ಬಡಗಿ ಪ್ಲೈವುಡ್ಡಿನ ನೌಕೆಯ ಮೊಳೆ ಕೀಳುತ್ತಿದ್ದ. ತಾನೇ ಹೊಡೆದ ಮೊಳೆಗಳು. ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಸೀದಾ ಅಣ್ಣನ ಅಂಗಡಿಗೆ ನುಗ್ಗಿದೆ, ಗ್ರಹಚಾರ ಬಿಡಿಸಿಯೇ ತೀರುತ್ತೇನೆಂದು. ಟಿವಿಯಲ್ಲಿ ನಮ್ಮ ಕಿಟಕಿ, ನನ್ನ ಚುಕ್ಕಿ. ಅಣ್ಣ ಒಬ್ಬರಿಗೆ ಗಡ್ಡ ಹೆರೆಯುತ್ತಿದ್ದ.

"ಬಂದ್ಲು ನೋಡಿ, ನನ್ ತಂಗಿ!" ಅವನ ಮುಖ ಅರಳಿತು. "ಬಂದವರದ್ದೆಲ್ಲಾ ಒಂದೇ ಪ್ರಶ್ನೆ ಕಣೇ. ಆ ಪುಟ್ಟಿ ವಾಪಸ್ ಯಾವಾಗ ಬರ್ತಾಳೆ?"

ಮುಖದ ತುಂಬಾ ನೊರೆ ಇದ್ದ ಗಿರಾಕಿಯೂ ನನ್ನತ್ತ ತಿರುಗಿದರು.

"ಬರಲ್ಲ ಅಣ್ಣಾ."

"ಅಂದ್ರೆ?"

"ಇನ್ನು ಯಾವತ್ತೂ ಬರಲ್ಲ. ನಾವೇ ಅವಳನ್ನ ಅಲ್ಲಿ ಬಿಟ್ಟು ಬಂದ್ವಿ."

"ನಾವಾ?" ಎಂದ ಅಣ್ಣ. ಕತ್ತಿ ಹಿಡಿದ ಕೈ ಗಾಳಿಯಲ್ಲೇ ನಿಂತಿತ್ತು.