ಬೀಳದೆ ಮುರಿದ ತೋಳು

ಬೂಕನಕೆರೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಪಾರ್ವತಮ್ಮನ ಎಡತೋಳು ಸಾರಿನ ಪಾತ್ರೆ ಇಳಿಸುವಾಗ ಲಟಕ್ಕನೆ ಮುರಿಯಿತು. ಅವಳು ಜಾರಲಿಲ್ಲ, ಬೀಳಲಿಲ್ಲ. ಪಾತ್ರೆಯ ಇನ್ನೊಂದು ಹಿಡಿ ಹಿಡಿದಿದ್ದ ಜೊತೆ ಅಡುಗೆಯವಳು ದ್ಯಾವಮ್ಮ ಆ ಸದ್ದು ಕೇಳಿ ಕಿರುಚಿಕೊಂಡಳು.

ನಾಲ್ಕು ವರ್ಷದ ಹಿಂದೆ ಪಾರ್ವತಮ್ಮನಿಗೆ ಸ್ತನದ ಕ್ಯಾನ್ಸರ್ ಆಗಿ ಆಪರೇಷನ್ ಆಗಿತ್ತು. ಆಮೇಲೆ ದಿನಾ ನುಂಗುವ ಮಾತ್ರೆಯಿಂದ ಮೂಳೆ ಸವೆಯುತ್ತದೆ, ತಪಾಸಣೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಎರಡು ವರ್ಷ ಹೋದಳು, ಆಮೇಲೆ ಬಿಟ್ಟಳು. ಬೆನ್ನು ನೋಯತೊಡಗಿದಾಗಲೂ, ಪಾತ್ರೆ ಎತ್ತುವವಳಿಗೆ ನೋಯದೆ ಇನ್ನೇನು ಎಂದು ಮುಲಾಮು ಹಚ್ಚಿ ಸುಮ್ಮನಾದಳು.

ಮೈಸೂರಿನ ಡಾಕ್ಟರು ಸ್ಕ್ಯಾನ್ ನೋಡಿ ಮೆಲ್ಲಗೆ ಹೇಳಿದರು: "ಹಳೇ ಕ್ಯಾನ್ಸರಿನ ಕಣಗಳು ಮೂಳೆಗೆ ಸೇರಿವೆ ಅಮ್ಮ. ತೋಳು, ಬೆನ್ನು, ಸೊಂಟ. ಔಷಧಿಯಲ್ಲಿ ಹಿಡಿದಿಡಬಹುದು, ಪೂರ್ತಿ ತೆಗೆಯೋಕಾಗಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ಮಗಳು ಮೇಘನ ಅಳುತ್ತಿದ್ದಳು. ಪಾರ್ವತಮ್ಮನಿಗೆ ದ್ಯಾವಮ್ಮನದೇ ಚಿಂತೆ. ಅವಳ ಎದೆಯಲ್ಲೂ ಕ್ಯಾನ್ಸರ್ ಗಂಟಿತ್ತು. ಆಪರೇಷನ್ ಬೇಡವೆಂದು ಹಟ ಹಿಡಿದವಳನ್ನು, "ನನ್ನ ನೋಡು, ಗಟ್ಟಿಯಾಗಿಲ್ವಾ?" ಎಂದು ತಿಂಗಳುಗಟ್ಟಲೆ ಕಾಡಿ ಒಪ್ಪಿಸಿದ್ದಳು. ಬರುವ ಸೋಮವಾರ ದ್ಯಾವಮ್ಮ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕಿತ್ತು.

ಸಂಜೆ ದ್ಯಾವಮ್ಮ ಬಂದಳು.

"ಏನಂದ್ರಕ್ಕ ಡಾಕ್ಟ್ರು?"

"ಮೂಳೆ ಸವ್ದೋಗೈತಂತೆ. ಮಾತ್ರೆ ಕೊಟ್ಟವ್ರೆ."

"ನನ್ ತಲೆ ಮುಟ್ಟಿ ಯೋಳು."

ಪಾರ್ವತಮ್ಮ ನೆಟ್ಟಗಿದ್ದ ಬಲಗೈಯನ್ನೂ ಎತ್ತಲಿಲ್ಲ.

ದ್ಯಾವಮ್ಮನಿಗೆ ಅಷ್ಟರಲ್ಲೇ ತಿಳಿದುಹೋಯಿತು. "ಕುಯ್ಸ್ಕಂಡ್ರೂ ಬತ್ತದೆ ಅಂದ್ಮೇಲೆ ಯಾಕ್ ಕುಯ್ಸ್ಕಬೇಕು?"

"ಎಲ್ರಿಗೂ ಇಂಗಾಗಕಿಲ್ಲ ಕಣೇ. ನಾನು ತಪಾಸಣೆ ಬುಟ್ಬುಟ್ಟೆ. ನಿಂದಿನ್ನೂ ಚಿಕ್ಕ ಗಂಟು. ಹೋಗೇ, ನಿನ್ ಕಾಲ್ ಕಟ್ಕತೀನಿ."

"ನಿನ್ ಮಾತ್ನೇ ನಂಬಿದ್ದೆ," ಎಂದಷ್ಟೇ ಹೇಳಿ ದ್ಯಾವಮ್ಮ ಎದ್ದು ಹೋದಳು.

ಸೋಮವಾರ ಬೆಳಿಗ್ಗೆ ಪಾರ್ವತಮ್ಮ ಮಗಳ ಹೆಗಲು ಹಿಡಿದು, ಹೆಜ್ಜೆಹೆಜ್ಜೆಗೂ ಹಲ್ಲು ಕಚ್ಚಿಕೊಂಡು ದ್ಯಾವಮ್ಮನ ಮನೆಗೆ ನಡೆದಳು. ಬಾಗಿಲಿಗೆ ಬೀಗ ಹಾಕಿತ್ತು.

"ದೇವಲಾಪುರದ ತವ್ರಿಗೆ ಹೊಂಟೋದ್ಲು," ಎಂದಳು ಪಕ್ಕದ ಮನೆಯವಳು. "ಅಲ್ಯಾರೋ ಬೇರು ಅರ್ದು ಕೊಡ್ತಾರಂತೆ."

ಮೇಘನ ಫೋನು ಮಾಡಿದಳು. ಎರಡು ಸಲ ರಿಂಗಾಗಿ ಕಟ್ಟಾಯಿತು, ಮೂರನೆಯ ಸಲ ಸ್ವಿಚ್ ಆಫ್.

ಪಾರ್ವತಮ್ಮ ಜಗಲಿಯ ಮೇಲೆ ಕುಸಿದಳು.

"ಏಳವ್ವ, ಮನೆಗೆ ಹೋಗವಾ."

"ನಾನೇ ಕಣವ್ವ ಅವಳ್ನ ಅಲ್ಲಿಗೆ ಅಟ್ಟಿದ್ದು," ಎಂದಳು ಪಾರ್ವತಮ್ಮ.

ಮಗಳು ಕಂಕುಳಿಗೆ ಕೈಕೊಟ್ಟು ಎತ್ತಲು ನೋಡಿದಳು. ಸೊಂಟ ಏಳಗೊಡಲಿಲ್ಲ.