ಲೈಸಾವಿ ಅತ್ತೆ ಗಾಯಾಳುವಾದ ಮೂರು ದಿನ

ವಿಪತ್ತು ಬಂದರೆ ಊರನ್ನು ಕಾಪಾಡಲು ಎಂಟು ಮಂದಿ ಸ್ವಯಂಸೇವಕರು ಬೇಕೆಂದು ರಾಜಧಾನಿ ಪೋರ್ಟ್ ವಿಲಾದಿಂದ ಕಾಗದ ಬಂದಾಗ, ನಮ್ಮ ಕಡಲತಡಿಯ ಊರು ಲಪೋವಾದಲ್ಲಿ ಮೊದಲು ಕೈ ಎತ್ತಿದವಳು ನನ್ನ ಸೋದರತ್ತೆ ಲೈಸಾವಿ. ಮೊದಲು ಬೇಡ ಎಂದವನು ಅವಳ ಮೈದುನ ಕಲ್ತಪಾವು. ಅವನು ಊರ ಸಮಿತಿಯ ಅಧ್ಯಕ್ಷ. ಹೋದ ವರ್ಷದ ಚಂಡಮಾರುತದಲ್ಲಿ ಮಂಚದ ಕೆಳಗೆ ಕೂತೇ ಸಮಿತಿ ನಡೆಸಿದ ಅನುಭವಸ್ಥ.

"ಅತ್ತಿಗೆ, ನಿಮಗೆ ಐವತ್ತೆಂಟಾಯ್ತು. ಈ ಮೈ ಹೊತ್ಕೊಂಡು ಗುಡ್ಡ ಹತ್ತಿ ಯಾರನ್ನ ಕಾಪಾಡ್ತೀರಿ?"

"ನಿಮ್ಮಣ್ಣನ್ನ ಮೂವತ್ತು ವರ್ಷ ಕಾಪಾಡಿದ್ದು ಯಾರೋ? ನೀನಾ?"

ಎಲ್ಲರೂ ನಕ್ಕರು. ಕಲ್ತಪಾವು ನಗಲಿಲ್ಲ. ಕೊನೆಗೆ ತರಬೇತಿ ಕೊಡಲು ಬಂದಿದ್ದ ಮೆರಲಿನ್ ಎಂಬ ಹುಡುಗಿಯೇ ರಾಜಿ ಮಾಡಿಸಿದಳು. ಅಣಕು ಕಾರ್ಯಾಚರಣೆಗೆ ಒಬ್ಬ ಗಾಯಾಳು ಬೇಕಿತ್ತು. ಅತ್ತೆ ಗಾಯಾಳು. ಅವಳ ಕೊರಳಿಗೆ ದಾರ ಕಟ್ಟಿದ ಒಂದು ರಟ್ಟಿನ ಚೀಟಿ ಬಿತ್ತು: 'ಬಲಗಾಲು ಮುರಿದಿದೆ. ಪ್ರಜ್ಞೆ ಇಲ್ಲ.'

ಎಂಟು ಮಂದಿಯಲ್ಲಿ ಕಲ್ಮಾರಿ ಎಂಬ ನಾನೂ ಒಬ್ಬ. ನಮಗೆಲ್ಲ ಕಿತ್ತಳೆ ಬಣ್ಣದ ಜಾಕೆಟ್ಟು ಕೊಟ್ಟರು. ಕಲ್ತಪಾವುಗೆ ಜಾಕೆಟ್ಟಿನ ಜೊತೆಗೆ ಬ್ಯಾಟರಿ ಹಾಕಿ ಕೂಗುವ ಕೈಮೈಕು. ಅಂದಿನಿಂದ ಅವನು ಹೆಂಡತಿಯ ಹತ್ತಿರ ಚಹಾ ಕೇಳುವುದೂ ಅದರಲ್ಲೇ ಆಯಿತು.

ಮೊದಲ ದಿನ ಪಾದ್ರಿಗಳ ಪ್ರಾರ್ಥನೆಯಿಂದ ಶುರುವಾಯಿತು. ಅದು ಮುಗಿಯುವಷ್ಟರಲ್ಲಿ ಮೂರು ಸುನಾಮಿ ಬಂದು ಹೋಗಬಹುದಿತ್ತು. ಆಮೇಲೆ ಮೆರಲಿನ್ ಪಾಠ ಹೇಳಿದಳು. ನೆಲ ನಡುಗಿದರೆ ಇಪ್ಪತ್ತರವರೆಗೆ ಎಣಿಸಿ. ಆಗಲೂ ನಿಲ್ಲದಿದ್ದರೆ ಯಾರ ಅಪ್ಪಣೆಗೂ ಕಾಯದೆ ಗುಡ್ಡ ಹತ್ತಿ. ನಾವು ತಲೆಯಾಡಿಸಿದೆವು. ಹಿಂದಿನ ರಾತ್ರಿ ಕುಡಿದ ಕಾವಾ ಬೇರಿನ ರಸದ ಅಮಲು ಇನ್ನೂ ಇಳಿಯದಿದ್ದ ಇಬ್ಬರು ತಲೆಯಾಡಿಸುತ್ತಲೇ ನಿದ್ದೆಹೋದರು.

ಎರಡನೆಯ ದಿನ ಅತ್ತೆಯನ್ನು ಎರಡು ಬಿದಿರಿಗೆ ಅಂಗಿ ಪೋಣಿಸಿ ಮಾಡಿದ ಡೋಲಿಯ ಮೇಲೆ ಮಲಗಿಸಿದೆವು. ನಾನು ಅವಳ ಎಡಗಾಲಿಗೆ ಪಟ್ಟಿ ಕಟ್ಟಿದೆ.

"ಮುರಿದಿರೋದು ಬಲಗಾಲು ಕಣೋ, ಕಲ್ಮಾರಿ!"

"ಆಂಟಿ, ನಿಮಗೆ ಪ್ರಜ್ಞೆ ಇಲ್ಲ," ಎಂದು ಮೆರಲಿನ್ ನೆನಪಿಸಿದಳು.

"ಪ್ರಜ್ಞೆ ತಪ್ಪಿರೋದು ಕಾಲಿಗೆ ತಾನೆ? ಬಾಯಿಗಲ್ವಲ್ಲ!"

ಎರಡನೆಯ ಸಲ ಅವಳ ತಲೆ ಕೆಳಗೆ, ಕಾಲು ಮೇಲೆ ಮಾಡಿ ಗುಡ್ಡ ಹತ್ತಿದೆವು. ಮೂರನೆಯ ಸಲ ಅಂಗಿಯೊಂದು ಹರಿದು, ಅತ್ತೆಯ ಸೊಂಟ ದಾರಿಯ ಪ್ರತಿಯೊಂದು ಕಲ್ಲನ್ನೂ ಮಾತಾಡಿಸಿತು. ನಾಲ್ಕನೆಯ ಸಲ ಎಲ್ಲವೂ ಸರಿಯಾಯಿತು. ಅವಳನ್ನು ಜೋಪಾನವಾಗಿ ಗುಡ್ಡದ ಮೇಲಿನ ದೀವಿಹಲಸಿನ ಮರದಡಿ ಇಳಿಸಿ, ಒಬ್ಬರಿಗೊಬ್ಬರು ಶಹಬ್ಬಾಸ್ ಹೇಳಿಕೊಂಡು, ಬಾಳೆಲೆಯಲ್ಲಿ ಬೇಯಿಸಿದ ಗೆಡ್ಡೆಯ ಕಡುಬು, ಬಿಸಿ ಲಪ್‌ಲಪ್ ತಿನ್ನಲು ಕೆಳಗೆ ಬಂದೆವು. ಅವಳನ್ನು ಡೋಲಿಗೆ ಬಿಗಿದಿದ್ದ ಕಟ್ಟು ಬಿಚ್ಚಲು ಮರೆತಿದ್ದೆವು. ಒಂದು ಗಂಟೆಯ ಮೇಲೆ ಅತ್ತೆ ತಾನೇ ಬಿಡಿಸಿಕೊಂಡು, ಒಂದು ಬಿದಿರನ್ನು ಕೈಯಲ್ಲಿ ಹಿಡಿದು ಇಳಿದುಬಂದಳು. ಆ ದಿನ ನಾವು ಓಡಿದ ವೇಗ ನೋಡಿ ಮೆರಲಿನ್ ಪುಸ್ತಕದಲ್ಲಿ 'ಉತ್ತಮ' ಎಂದು ಬರೆದುಕೊಂಡಳು.

ಮೂರನೆಯ ದಿನ ಪರೀಕ್ಷೆ. ವಿಲಾದಿಂದ ದೊಡ್ಡ ಅಧಿಕಾರಿ ದೋಣಿಯಲ್ಲಿ ಬಂದು ನೋಡುವುದೆಂದು ಗೊತ್ತಾಗಿತ್ತು. ಕಡಲ ದಡದಲ್ಲಿ ಹೂವಿಟ್ಟ ಮೇಜು, ಹನ್ನೊಂದು ಪ್ಲಾಸ್ಟಿಕ್ ಕುರ್ಚಿ. ಮೆರಲಿನ್ ಬೆಳಿಗ್ಗೆಯೇ ಗುಡ್ಡದ ಮೇಲೆ ಹೋಗಿ ಸ್ವಾಗತದ ಬಟ್ಟೆ ಕಟ್ಟುತ್ತಿದ್ದಳು. ಅತ್ತೆ ಚೀಟಿ ಹಾಕಿಕೊಂಡು ಇಗರ್ಜಿಯ ಮುಂದೆ ಡೋಲಿಯ ಮೇಲೆ ಮಲಗಿದ್ದಳು. ಕಲ್ತಪಾವು ದಡದ ಬಂಡೆಯ ಮೇಲೆ ನಿಂತು, "ಅಧಿಕಾರಿಗಳು ಬರುವವರೆಗೆ ಯಾರೂ ಗಾಬರಿಯಾಗಕೂಡದು!" ಎಂದು ಮೈಕಿನಲ್ಲಿ ಸಾರುತ್ತಿದ್ದ.

ಹತ್ತು ಗಂಟೆಗೆ ನೆಲ ನಡುಗಿತು.

ನಮಗೆ ಅದೇನು ಹೊಸದಲ್ಲ. ಸುಮ್ಮನೆ ನಿಂತೆವು. ತೆಂಗಿನಕಾಯಿಗಳು ಉದುರತೊಡಗಿದವು. ಇಗರ್ಜಿಯ ಕಿಟಕಿ ಒಡೆಯಿತು. ಎಂಟು ಕಿತ್ತಳೆ ಜಾಕೆಟ್ಟುಗಳೂ ದಡದ ಕಡೆ ತಿರುಗಿ ಅಪ್ಪಣೆಗೆ ಕಾದವು. ಕಲ್ತಪಾವು ಬಂಡೆಯಿಂದ ಹಾರಿ ಓಡಲು ಹೋಗಿ, ಎರಡು ಕಲ್ಲುಗಳ ನಡುವೆ ಬಿದ್ದ. ಮೈಕಿನಲ್ಲಿ ಕಿರುಚಾಟ ಕೇಳಿಸಿತು:

"ಅಯ್ಯೋ, ನನ್ನ ಕಾಲು! ಕಾಲು ಹೋಯ್ತು!"

ಪಾದ್ರಿಗಳು ಮೆಚ್ಚಿ, "ಎಷ್ಟು ಚೆನ್ನಾಗಿ ಮಾಡ್ತಾನೆ ನೋಡಿ," ಎಂದರು.

"ಹತ್ತೊಂಬತ್ತು, ಇಪ್ಪತ್ತು," ಎಂದು ಡೋಲಿಯಿಂದ ದನಿ ಬಂತು. ಅತ್ತೆ ಎದ್ದಳು. ಊರ ಗಂಟೆಯೆಂದು ಮರಕ್ಕೆ ನೇತುಹಾಕಿದ್ದ ಖಾಲಿ ಗ್ಯಾಸ್ ಸಿಲಿಂಡರಿಗೆ ಕಬ್ಬಿಣದ ತುಂಡಿನಿಂದ ಬಾರಿಸತೊಡಗಿದಳು. "ಗುಡ್ಡಕ್ಕೆ ನಡೀರಿ! ಮಕ್ಕಳನ್ನ ಎತ್ಕೊಳ್ರೋ! ಪಾದ್ರಿಗಳೇ, ಪ್ರಾರ್ಥನೆ ಮೇಲೆ ಹೋಗಿ ಮಾಡಿ! ಕಲ್ಮಾರಿ, ನೀವು ನಾಲ್ಕು ಜನ ಡೋಲಿ ತಗೊಂಡು ನನ್ನ ಹಿಂದೆ ಬನ್ನಿ."

ಕಡಲು ಹಿಂದೆ ಸರಿಯುತ್ತಿತ್ತು. ಹವಳದ ಬಂಡೆಗಳು ಒದ್ದೆಯಾಗಿ ಹೊಳೆಯುತ್ತಿದ್ದವು, ಮೀನುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ನಾನು ಮೀನು ನೋಡುತ್ತ ನಿಂತುಬಿಟ್ಟೆ. ಅತ್ತೆ ಬೆನ್ನಿಗೊಂದು ಗುದ್ದಿದಳು. ಆಮೇಲೆ ಓಡಿದೆ.

ಕಲ್ತಪಾವುವಿನ ಕಾಲು ಸೊಟ್ಟಗೆ ತಿರುಗಿತ್ತು. ಅತ್ತೆ ಎರಡೂ ಕಾಲು ಸೇರಿಸಿ ತನ್ನ ತಲೆಬಟ್ಟೆಯಿಂದ ಕಟ್ಟಿಸಿದಳು. "ಮೆಲ್ಲಗೆ. ಒಟ್ಟಿಗೆ ಎತ್ತಿ. ತಲೆ ಗುಡ್ಡದ ಕಡೆಗಿರಲಿ, ಕತ್ತೆಗಳಾ! ಡೋಲಿಯಲ್ಲಿ ಮಲಗಿದವರ ಕಷ್ಟ ನಿಮಗೇನು ಗೊತ್ತು?"

"ಅತ್ತಿಗೆ, ನಾನು ಅಧ್ಯಕ್ಷ, ಮೊದಲು ನಾನು ಹೇಳೋದು..."

ಅತ್ತೆ ತನ್ನ ಕೊರಳ ಚೀಟಿ ತೆಗೆದು ಅವನ ಕೊರಳಿಗೆ ಹಾಕಿದಳು. "ಓದ್ಕೋ. ನಿನಗೆ ಪ್ರಜ್ಞೆ ಇಲ್ಲ. ಬಾಯಿ ಮುಚ್ಕೊಂಡು ಮಲಗು."

ದಾರಿ ಜಾರುತ್ತಿತ್ತು. ಎರಡು ಸಲ ಮಂಡಿಯೂರಿದೆವು, ಡೋಲಿಯನ್ನು ಮಾತ್ರ ಬಿಡಲಿಲ್ಲ. ಮೇಲೆ ಮೆರಲಿನ್ ಅಳುತ್ತಲೇ ತಲೆ ಎಣಿಸುತ್ತಿದ್ದಳು. ನೂರ ನಲವತ್ತಮೂರು. ಎಲ್ಲರೂ ಇದ್ದೆವು. ಸ್ವಲ್ಪ ಹೊತ್ತಿನಲ್ಲಿ ಕಡಲು ವಾಪಸು ಬಂತು. ಎದೆಯೆತ್ತರದ ಕೊಳಕು ನೀರು ದಡದ ಮನೆಗಳಿಗೆ ನುಗ್ಗಿ, ಹೂವಿನ ಮೇಜು, ಹನ್ನೊಂದು ಕುರ್ಚಿ, ಕೈಮೈಕು ಎಲ್ಲವನ್ನೂ ಕೊಂಡೊಯ್ದಿತು. ಅಧಿಕಾರಿ ಹಾಯಾಗಿದ್ದರು. ಅವರ ದೋಣಿ ವಿಲಾದಿಂದ ಹೊರಟೇ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಅತ್ತೆ ಒಂದು ಕಡೆ ಹೋಗಿ ಕೂತಳು. ಎಳನೀರು ಕೊಟ್ಟರೆ ಹಿಡಿಯಲಾಗಲಿಲ್ಲ. ನಾನೇ ಕುಡಿಸಿದೆ.

"ನಿಂಗೆ ಒಂಚೂರೂ ಭಯ ಆಗ್ಲಿಲ್ವಾ ಅತ್ತೆ?"

"ಭಯಕ್ಕೇ ಕಣೋ ಅಷ್ಟು ಕೂಗಿದ್ದು. ಬಾಯಿ ಮುಚ್ಚಿದ್ರೆ ಅಲ್ಲೇ ಕುಸಿದುಬಿಡ್ತಿದ್ದೆ." ಆಮೇಲೆ ನನ್ನ ಭುಜಕ್ಕೊರಗಿ ಸಣ್ಣ ಹುಡುಗಿಯ ಹಾಗೆ ಅತ್ತಳು. ಅವಳು ಅತ್ತದ್ದನ್ನು, ಮಾವ ಸತ್ತ ದಿನ ಬಿಟ್ಟರೆ, ನಾನು ನೋಡಿರಲೇ ಇಲ್ಲ.

ಕಲ್ತಪಾವು ವಿಲಾದ ಆಸ್ಪತ್ರೆಯಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ. ಊರ ಪಂಚಾಯಿತಿ ಮನೆಯಾದ ನಕಮಲ್‌ನಲ್ಲಿ ಸಭೆ ಸೇರಿದಾಗ ಅವನೇ ಎದ್ದು ನಿಲ್ಲಲು ನೋಡಿದ, ಆಗಲಿಲ್ಲ. ಕೂತೇ ಹೇಳಿದ: "ಇನ್ಮೇಲೆ ಅತ್ತಿಗೇನೇ ನೋಡ್ಕೊಳ್ಳಲಿ. ಅವರು ಎತ್ತಿಸಿದ ಹಾಗೆ ಯಾರೂ ಎತ್ತಿಸಲ್ಲ."

ಊರ ಮುಖ್ಯಸ್ಥರು ಅತ್ತೆಯನ್ನು ಏನು ಬೇಕೆಂದು ಕೇಳಿದರು. ಅವಳಿಗೆ ಜಾಕೆಟ್ಟೂ ಬೇಡವಾಗಿತ್ತು, ಮೈಕೂ ಬೇಡವಾಗಿತ್ತು. ಗುಡ್ಡದ ದಾರಿಗೆ ಕಲ್ಲಿನ ಮೆಟ್ಟಿಲು ಬೇಕೆಂದಳು. ಎರಡು ವಾರ ಇಡೀ ಊರು ಕಲ್ಲು ಹೊತ್ತಿತು. ನನ್ನ ಅಂಗೈಯಲ್ಲಿ ಬೊಬ್ಬೆಗಳು ಎದ್ದು ಒಡೆದು ಮತ್ತೆ ಎದ್ದವು. ಕಲ್ತಪಾವು ಕೆಳಗಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತು, ಬಂದ ಕಲ್ಲುಗಳಲ್ಲಿ ಯಾವುದು ಬಿರುಕು ಬಿಟ್ಟಿದೆಯೆಂದು ಒಂದೊಂದನ್ನೂ ತಟ್ಟಿ ನೋಡಿ ಮೇಲೆ ಕಳಿಸುತ್ತಿದ್ದ.