ಬಹುವಚನ

ಜೀರಿಗೆ ಅಂತ ಅವನು ತಂದ ಪೊಟ್ಟಣವನ್ನು ಮೂಸಿ ನೋಡಿದೆ. ಜೀರಿಗೆಯೂ ಅಲ್ಲ, ಸೋಂಪೂ ಅಲ್ಲ, ಎಂಥದೋ ಔಷಧದ ವಾಸನೆ. "ಇದನ್ನ ಹಾಕಿದ್ರೆ ಸಾರಲ್ಲ ಕಣೋ, ಕಷಾಯ ಆಗುತ್ತೆ" ಎಂದು ಬೈದು, ಚಪ್ಪಲಿ ಮೆಟ್ಟಿಕೊಂಡು ಅವನನ್ನೂ ಎಳೆದುಕೊಂಡು ಹೊರಟೆ.

ಅವನು ನನ್ನ ಅಣ್ಣನ ಮಗ. ಅತ್ತಿಗೆ ಹೆರಿಗೆಯಲ್ಲೇ ಹೋಗಿಬಿಟ್ಟಳು. ಇವನನ್ನು ಎತ್ತಿ ಆಡಿಸಿದ್ದು, ಅನ್ನ ಕಲಸಿ ತಿನ್ನಿಸಿದ್ದು ನಾನು. "ಒಬ್ಬಳೇ ಯಾಕಿರ್ತೀಯ ಅತ್ತೆ, ನಮ್ ಜೊತೆಗೇ ಬಂದಿರು" ಎಂದು ಈ ದೇಶಕ್ಕೆ ಕರೆಸಿಕೊಂಡು ಐದು ತಿಂಗಳಾಗಿತ್ತು.

ಮೂರು ಅಂಗಡಿ ಅಲೆದೆವು. ಕರಿಬೇವು ಎಂಟೇ ಎಸಳು, ಅದೂ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಫೋನಿನಲ್ಲಿ ಹುಣಸೆಹಣ್ಣಿನ ಚಿತ್ರ ತೋರಿಸಿದರೆ ಗಲ್ಲಾದ ಹೆಂಗಸು ಖರ್ಜೂರ ತಂದುಕೊಟ್ಟಳು. ಬಸ್ ನಿಲ್ದಾಣದ ಹಿಂದಿನ ಅಂಗಡಿಯಲ್ಲಿ ಕೊನೆಗೂ ಎಲ್ಲ ಸಿಕ್ಕಿತು. ಚೀಲ ಹೊತ್ತುಕೊಂಡು ಅವನು, "ನಾಳೆ ಊಟಕ್ಕೆ ಬರೋ ಆಫೀಸಿನ ಸಾಹೇಬ್ರೂ ನಮ್ಮ ಭಾಷೆಯವರೇ. ನಿನ್ ಸಾರು ಕುಡಿದ್ರೆ ಕರಗಿಹೋಗ್ತಾರೆ ನೋಡು" ಎಂದ. ನಾನೂ ಉಬ್ಬಿಹೋದೆ, ಹುಚ್ಚುಮುಂಡೆ.

ಭಾನುವಾರ ಮಧ್ಯಾಹ್ನ ಸಾಹೇಬರು ಎರಡು ಸಲ ಸಾರು ಹಾಕಿಸಿಕೊಂಡರು. "ಆಹಾ! ಊರಿಗೆ ಹೋಗಿಬಂದ ಹಾಗಾಯ್ತು ಕಣ್ರೀ. ಇವರು ನಿಮ್ಮ ತಾಯಿಯವರಾ?"

ಸೆರಗು ಸರಿಮಾಡಿಕೊಂಡು ನಿಂತೆ. ಅತ್ತೆ ಅನ್ನುತ್ತಾನೆ, ಸಾಕಿದವಳು ಅನ್ನುತ್ತಾನೆ ಎಂದು ಕಾದೆ. ಅವನು ಹೆಂಡತಿಯ ಮುಖ ನೋಡಿದ. ಅವಳು ಒಂಚೂರೂ ತಡವರಿಸದೆ, "ಅಡುಗೆಗೆ ಅಂತ ಊರಿಂದಲೇ ಕರೆಸ್ಕೊಂಡಿದ್ದೀವಿ ಸಾರ್" ಎಂದಳು.

"ಭಲೆ! ಇಲ್ಲಿ ಅಡುಗೆಯವರನ್ನ ಇಟ್ಕೊಳ್ಳೋದು ಅಂದ್ರೆ ಸಾಮಾನ್ಯಾನಾ!" ಎಂದು ಸಾಹೇಬರು ಹುಬ್ಬೇರಿಸಿದರು.

ಹೋಗಲಿ, ಅವಳು ಹೊರಗಿನಿಂದ ಬಂದವಳು. ಇವನಿಗೇನು ಧಾಡಿ? ಈಗಲಾದರೂ ಬಾಯಿ ಬಿಡುತ್ತಾನೆಂದು ನೋಡಿದೆ. ಬಿಟ್ಟ.

"ಬಡಿಸಿದ್ದು ಸಾಕು. ನೀವು ಒಳಗೆ ಹೋಗಿ ಊಟ ಮಾಡ್ಕೊಳ್ಳಿ."

ನೀವು! ಮಾತು ಬಂದಾಗಿನಿಂದ ನನ್ನನ್ನು ನೀನು ಎಂದವನು. ಅತ್ತೆಗೆ ಬಹುವಚನ ಕೊಡೋ ಎಂದು ಊರಲ್ಲಿ ಯಾರ್ಯಾರೋ ತಿದ್ದಲು ಹೋದಾಗ, ಬೇಡ ಬಿಡಿ ಎಂದವಳೇ ನಾನು. ಮೂವತ್ತೈದು ವರ್ಷಕ್ಕೆ ಮೊದಲ ಸಲ ಮರ್ಯಾದೆ ಕೊಟ್ಟ.

"ಆಗಲಿ ಸಾರ್" ಎಂದೆ.

ಅವನ ತುತ್ತು ಕೈಯಲ್ಲೇ ಉಳಿಯಿತು. ಸಾಹೇಬರು ಏನೂ ತಿಳಿಯದೆ ಹಪ್ಪಳ ಮುರಿದುಕೊಂಡರು. ನಾನು ಒಳಗೆ ಹೋಗಿ ಪಾತ್ರೆ ತೊಳೆದೆ, ಊಟ ಮಾಡಲಿಲ್ಲ.

ಅವರು ಹೋದ ಮೇಲೆ ಅವನು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮುಖ ಇಷ್ಟೇ ಇಷ್ಟಾಗಿತ್ತು. "ಅತ್ತೆ, ನೀನು ತಪ್ಪು ತಿಳ್ಕೋಬೇಡ..." ಎಂದು ಶುರುಮಾಡಿದ.

ಕೈ ಒರೆಸಿಕೊಂಡು ಕೇಳಿದೆ:

"ರಾತ್ರಿಗೆ ಏನ್ ಮಾಡ್ಲಿ ಸಾರ್?"